ಬಾಗಿಲ ಹಿಂದಿನ ನೀರು

ನೀರಿನ ಲೋಟಗಳ ಟ್ರೇ ಹಿಡಿದು ಬಂದ ಸೊಸೆ ಹಜಾರದ ಹೊಸ್ತಿಲಲ್ಲೇ ನಿಂತುಬಿಟ್ಟಳು. ಒಳಗೆ ಮಾವನ ದೇಹ ಮಲಗಿತ್ತು, ಗದ್ದದವರೆಗೆ ಬಿಳಿ ಬಟ್ಟೆ.

"ಯಾಕಮ್ಮ ನಿಂತೆ? ತಾ ಇಲ್ಲಿ, ಗಂಟಲು ಒಣಗಿದೆ," ಎಂದರು ಸತ್ತವರ ತಮ್ಮ.

"ಚಿಕ್ಕಮಾವ, ಅಡುಗೆಮನೆಗೆ ಬಂದು ಕುಡೀತೀರಾ?"

"ಇನ್ನೂ ಯಾರಿಗೆ ಹೆದರ್ತೀಯ, ತಾಯಿ?" ಎಂದವರು ಅಣ್ಣನ ಮುಖ ನೋಡಿದರು. ಏನನ್ನಿಸಿತೋ, ತಾವೇ ಎದ್ದು ಅಡುಗೆಮನೆಗೆ ಹೋದರು.

ಅದು ಆ ಮನೆಯ ರೂಢಿ. ನಲ್ಲಿ ರಿಪೇರಿ ಮಾಡಿ ಬದುಕಿದ ಯಜಮಾನರ ಕಿಡ್ನಿಗಳು ಸೋತು ಡಯಾಲಿಸಿಸ್ ಶುರುವಾದ ಮೇಲೆ, ಕುಡಿದ ನೀರು ಮೈಯಲ್ಲೇ ನಿಲ್ಲುತ್ತಿತ್ತು. ಕಾಲು ಊದುತ್ತಿತ್ತು, ಉಸಿರು ಕಟ್ಟುತ್ತಿತ್ತು. ಹೆಂಡತಿ ಪುಟ್ಟ ಬಟ್ಟಲಲ್ಲಿ ಅಳೆದು ಕೊಡುತ್ತಿದ್ದಳು. ಮಿಕ್ಕವರು ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಸದ್ದಾಗದಂತೆ ಕುಡಿಯುತ್ತಿದ್ದರು.

ಈಗ ಹೆಂಡತಿ ಅವರ ಎಡಗೈ ಹಿಡಿದು ಕೂತಿದ್ದಳು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ರಕ್ತನಾಳಗಳನ್ನು ಜೋಡಿಸಿದ್ದ ಕೈ. ಮುಟ್ಟಿದರೆ ಒಳಗೆ ಜುಮ್ಮೆನ್ನುತ್ತಿತ್ತು, ದೂರದಲ್ಲಿ ಯಾರೋ ಶ್ರುತಿ ಹಿಡಿದ ಹಾಗೆ. "ಮೋಟರು ಓಡ್ತಿದೆಯಾ ನೋಡೆ," ಎಂದು ಅವರು ಮಲಗುವ ಮುಂಚೆ ಕೈ ಚಾಚುತ್ತಿದ್ದರು. ಇವತ್ತು ಬೆಳಗಿನ ಜಾವ ಆ ಶ್ರುತಿ ನಿಂತದ್ದು ಮೊದಲು ತಿಳಿದದ್ದು ಅವಳ ಅಂಗೈಗೆ.

*

ನಿನ್ನೆ ಸಂಜೆ ಆಸ್ಪತ್ರೆಯಿಂದ ಬಂದವರು ಚಪ್ಪಲಿ ಬಿಡುತ್ತಲೇ ಕೇಳಿದ್ದರು:

"ಲೇ, ಒಂದು ಲೋಟ ಭರ್ತಿ ನೀರು ಕೊಡು. ಡಾಕ್ಟರೇ ಹೇಳಿದಾರೆ."

"ಹೋದ ತಿಂಗಳೂ ಡಾಕ್ಟರೇ ಹೇಳಿದ್ರಲ್ಲ! ಆಮೇಲೆ ಆಸ್ಪತ್ರೆಗೆ ಎದ್ದುಬಿದ್ದು ಓಡಿದ್ದು ನಾನು."

"ಅವತ್ತಿಂದು ಸುಳ್ಳು. ಇವತ್ತಿಂದು ನಿಜ."

"ಸುಳ್ಳುಗಾರನ ನಿಜಕ್ಕೆ ಸಾಕ್ಷಿ ಯಾರು?"

"ದೇವರು," ಎಂದು ನಕ್ಕರು. ನಕ್ಕಾಗ ಒಣಗಿದ ತುಟಿ ಬಿರಿಯಿತು.

ಅವಳು ಕೊಟ್ಟಳು. ನಂಬಿ ಅಲ್ಲ, ಆ ತುಟಿಯನ್ನು ನೋಡಲಾರದೆ. ಅವರು ಕಣ್ಣು ಮುಚ್ಚಿ, ಪ್ರಾರ್ಥನೆಯ ಸಾಲು ಹೇಳಿದಷ್ಟು ನಿಧಾನವಾಗಿ ಗುಟುಕರಿಸಿದರು. "ಅಬ್ಬಾ, ಬೆಂಕಿ ಆರಿತು ಕಣೆ."

*

ಮಧ್ಯಾಹ್ನದ ಹೊತ್ತಿಗೆ ಡಯಾಲಿಸಿಸ್ ವಾರ್ಡಿನ ನರ್ಸ್ ಬಂದಳು. ಆಕೆ ದೇಹಕ್ಕೆ ಕೈಮುಗಿದು ಏಳುವಷ್ಟರಲ್ಲಿ ಹೆಂಡತಿ ಆಕೆಯ ತೋಳು ಹಿಡಿದಳು.

"ಸಿಸ್ಟರ್, ಮುಚ್ಚಿಡದೆ ಹೇಳಿ. ನಿನ್ನೆ ಇವರಿಗೆ ಒಂದು ಲೋಟ ನೀರು ಕೊಟ್ಟುಬಿಟ್ಟೆ. ಡಾಕ್ಟರು ಹೇಳಿದಾರೆ ಅಂದ್ರು. ನಾನೇ ಇವರನ್ನ..."

"ಅಯ್ಯೋ ಅಮ್ಮ, ನಿಜಾನೇ ಹೇಳಿದಾರೆ!" ನರ್ಸ್ ಅಲ್ಲೇ ಕುಕ್ಕರಿಸಿದಳು. "ಹೃದಯ ಸೋತುಹೋಗಿದೆ, ಮೆಷಿನ್ ಹಾಕಿದ್ರೆ ಬಿಪಿ ಬೀಳ್ತಿದೆ, ಇನ್ನು ಮೈ ಡಯಾಲಿಸಿಸ್ ತಡೆಯಲ್ಲ ಅಂದ್ರು ಡಾಕ್ಟರು. ನಾಳೆ ಮನೆಯವರನ್ನ ಕರ್ಕೊಂಡು ಬನ್ನಿ ಅಂದ್ರು. ಇವರು ಕೇಳಿದ್ದು ಒಂದೇ, 'ಹಾಗಾದ್ರೆ ನೀರು ಕುಡೀಬಹುದಾ?' 'ಒಂದು ಲೋಟ ನೆಮ್ಮದಿಯಾಗಿ ಕುಡೀರಿ' ಅಂದ್ರು. ನಾನು ಪಕ್ಕದಲ್ಲೇ ಇದ್ದೆ. ಹೋಗಿದ್ದು ಹೃದಯದಿಂದಮ್ಮ, ನೀರಿಂದಲ್ಲ."

ಅವಳು ಗಂಡನ ಮುಖವನ್ನೇ ನೋಡಿದಳು. "ಸಾಯೋ ಸುದ್ದಿ ಬಚ್ಚಿಟ್ಟು ನೀರಿನ ಸುದ್ದಿ ಮಾತ್ರ ಹೇಳಿದ್ರಾ, ಮಹರಾಯ!"

"ಇನ್ನೊಂದೂ ಹೇಳಿದ್ರು," ಎಂದಳು ನರ್ಸ್. "'ನಮ್ಮನೇಲಿ ಎಲ್ಲಾ ಕಳ್ಳರೇ ಸಿಸ್ಟರ್, ಬಾಗಿಲ ಹಿಂದೆ ನೀರು ಕುಡೀತಾರೆ. ನಲ್ಲಿ ತಿರುಗಿಸಿದ ಸದ್ದು ನಂಗೆ ಗೊತ್ತಾಗಲ್ವಾ?' ಅಂತ."

ಅಡುಗೆಮನೆಯ ಬಾಗಿಲ ಹಿಂದೆ ಮತ್ತೆ ನೀರು ಕುಡಿಯುತ್ತಿದ್ದ ತಮ್ಮನಿಗೆ ಅದು ನೆತ್ತಿಗೇರಿತು. ಕೆಮ್ಮುತ್ತ, ಲೋಟ ಕೈಯಲ್ಲಿ ಹಿಡಿದೇ, ಸಿಕ್ಕಿಬಿದ್ದವರಂತೆ ಈಚೆ ಬಂದರು. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು, ಆದರೂ ನಗು ತಡೆಯಲಿಲ್ಲ. ಹಜಾರ ತುಂಬ ಅಳುವಿನ ನಡುವೆಯೇ ನಗು ಹರಿಯಿತು.

"ತಾರೆ ಇಲ್ಲಿ ಆ ನೀರು," ಎಂದು ಅತ್ತೆ ಸೊಸೆಯತ್ತ ಕೈ ಚಾಚಿದಳು.

ಗಂಡನ ಪಕ್ಕದಲ್ಲೇ ಕೂತು, ಎಲ್ಲರಿಗೂ ಕೇಳುವಂತೆ ಗಟಗಟ ಕುಡಿದಳು. ಗದ್ದದಿಂದ ಕತ್ತಿಗೆ ಇಳಿದ ನೀರನ್ನು ಒರೆಸಲಿಲ್ಲ. ಖಾಲಿ ಲೋಟವನ್ನು ಅವರ ಎಡಗೈ ಪಕ್ಕ ಟಣ್ಣೆಂದು ಇಟ್ಟು, ಇನ್ನೊಂದಕ್ಕೆ ಕೈ ಚಾಚಿದಳು.