ಬಾಯಲ್ಲಿ ಉಳಿದ ನಾಟಕ

ಹೋಳೂರಿನ ಸ್ಕೂಲಿನಲ್ಲಿದ್ದ ಗಂಗುಲಪ್ಪ ಮೇಷ್ಟ್ರು ನಾಟಕ ಬರೆಯುವುದರಲ್ಲಿ ಎಷ್ಟು ಚುರುಕೋ, ಬರೆದದ್ದನ್ನು ಜೋಪಾನ ಮಾಡುವುದರಲ್ಲಿ ಅಷ್ಟೇ ಉದಾಸೀನ. ಹಳೆಯ ಹಾಜರಿ ಪುಸ್ತಕದ ಹಾಳೆ, ಮದುವೆ ಕಾಗದದ ಹಿಂಬದಿ, ಕೈಗೆ ಸಿಕ್ಕಿದ್ದರ ಮೇಲೆ ಬರೆದು ಮರದ ಪೆಟ್ಟಿಗೆಗೆ ಹಾಕಿಬಿಡುತ್ತಿದ್ದರು. ಹಾಳೆಗೆ ಸಂಖ್ಯೆ ಇರಲಿಲ್ಲ, ಎರಡನೆಯ ಪ್ರತಿಯಂತೂ ಇಲ್ಲವೇ ಇಲ್ಲ.

ಸಾವಿರದ ಒಂಬೈನೂರ ಮೂವತ್ತಾರರಲ್ಲಿ ಅವರು ಬರೆದ ನಾಟಕ, ಒಂದೇ ಬಾವಿಗಾಗಿ ಕಿತ್ತಾಡುವ ಅಣ್ಣತಮ್ಮಂದಿರದು, ಎರಡು ಬೇಸಿಗೆ ಸುತ್ತಲ ಊರುಗಳಲ್ಲೆಲ್ಲ ನಡೆದಿತ್ತು. ಆಮೇಲೆ ಆಡುವವರು ಚದುರಿಹೋದರು. ನಲವತ್ತೊಂದರ ದೀಪಾವಳಿ ಕಳೆದ ಮೇಲೆ ಮಾಲೂರಿನಿಂದ ಒಂದು ಕಾರ್ಡು ಬಂತು. ಅಲ್ಲಿ ಸಣ್ಣದೊಂದು ಪ್ರೆಸ್ಸು ಇಟ್ಟಿದ್ದ ಸ್ನೇಹಿತ ಕೋದಂಡರಾಮಪ್ಪ ಬರೆದಿದ್ದ: ಯುದ್ಧದ ದೆಸೆಯಿಂದ ಕಾಗದ ಸಿಗುತ್ತಿಲ್ಲ, ಸ್ವಲ್ಪ ಎತ್ತಿಟ್ಟಿದ್ದೇನೆ, ಸಂಕ್ರಾಂತಿಯೊಳಗೆ ನಾಟಕದ ಒಳ್ಳೆಯ ಪ್ರತಿ ಕೊಟ್ಟರೆ ಅಚ್ಚು ಹಾಕುತ್ತೇನೆ.

ಮೇಷ್ಟ್ರು ಪೆಟ್ಟಿಗೆ ತೆಗೆದರು. ಒಳಗೆ ಗೆದ್ದಲಿನ ಮಣ್ಣು. ಹಿಡಿದರೆ ಪುಡಿಯಾಗುವ ಕಾಗದದಲ್ಲಿ ಓದಲು ಸಿಕ್ಕಿದ್ದು ನಾಲ್ಕೈದು ಸಾಲು. ಎರಡು ದಿನ ಅವರು ಆ ಪುಡಿಯನ್ನೇ ಕೆದಕಿ ನೋಡಿದರು. ಮೂರನೆಯ ದಿನ ಒಂದು ನೋಟ್‌ಬುಕ್ಕು ತಂದು, ಪ್ರತಿ ಪುಟಕ್ಕೂ ಸಂಖ್ಯೆ ಹಾಕಿದರು. ನಾಟಕ ಪೆಟ್ಟಿಗೆಯಲ್ಲಿ ಹೋಗಿರಬಹುದು, ಆಡಿದವರ ಬಾಯಲ್ಲಿ ಇನ್ನೂ ಇರಬೇಕು ಎಂದು ಅವರಿಗೆ ಹೊಳೆದಿತ್ತು.

ಮೊದಲು ಹೋದದ್ದು ಕ್ಯಾಲನೂರಿಗೆ. ಅಣ್ಣನ ಪಾತ್ರ ಮಾಡಿದ್ದ ಶ್ರೀರಾಮಪ್ಪ ಹಸುವಿನ ಹಾಲು ಕರೆಯುತ್ತಲೇ ತನ್ನ ಮಾತನ್ನೆಲ್ಲ ಗಡಗಡ ಒಪ್ಪಿಸಿದ.

"ಇದಕ್ಕೆ ಮುಂಚೆ ತಮ್ಮ ಏನಂತಾನೆ?" ಎಂದು ಮೇಷ್ಟ್ರು ಕೇಳಿದರು.

"ಅದ್ಯಾರಿಗೆ ಗೊತ್ತು ಮೇಷ್ಟ್ರೇ. ಅವನು ಕೈ ಎತ್ತಿದ್ರೆ ನಾನು ಶುರು ಮಾಡ್ತಿದ್ದೆ, ಅಷ್ಟೇ."

ಅವನ ಮಾತುಗಳನ್ನು ಎಡಗಡೆ ಪುಟದಲ್ಲಿ ಬರೆದು ಬಲಗಡೆ ಖಾಲಿ ಬಿಟ್ಟರು. ಮುಂದಿನ ಭಾನುವಾರ ಮುಳಬಾಗಿಲಿಗೆ ಹೋಗಿ, ತಮ್ಮನ ಪಾತ್ರದ ಕದಿರೇಶನನ್ನು ಅವನ ಅಂಗಡಿಯಲ್ಲೇ ಕೂರಿಸಿಕೊಂಡು ಬಲಗಡೆ ತುಂಬಿಸಿದರು. ನಗೆಯ ದೃಶ್ಯ ಒಂದು ಇಬ್ಬರಿಗೂ ನೆನಪಿರಲಿಲ್ಲ. ಮೇಷ್ಟ್ರಿಗೂ ಇರಲಿಲ್ಲ. ಅದು ಹೋಯಿತು.

ಉಳಿದದ್ದು ತಾಯಿಯ ಪಾತ್ರ. ನಾಟಕದ ಜೀವವೇ ಅದು. ಆ ವೇಷ ಹಾಕುತ್ತಿದ್ದ ಶ್ರೀನಿವಾಸಪುರದ ದೊಡ್ಡವೆಂಕಟಪ್ಪ ಪ್ಲೇಗಿನಲ್ಲಿ ತೀರಿಕೊಂಡು ಮೂರು ವರ್ಷವಾಗಿತ್ತು. ಅವನ ಮನೆಯಲ್ಲಿ ಹಳೆಯ ಚೀಟಿಯಾದರೂ ಇದ್ದೀತೆಂದು ಮೇಷ್ಟ್ರು ಹೊರಟರು. ಅವನ ಹೆಂಡತಿ ಮುನಿಶಾಮಮ್ಮ ರೇಷ್ಮೆಹುಳುವಿಗೆ ಸೊಪ್ಪು ಹೆಚ್ಚುತ್ತ ಕೂತಿದ್ದಳು.

"ಚೀಟಿ ಯಾವುದೂ ಇಲ್ಲ ಮೇಷ್ಟ್ರೇ. ಪ್ಲೇಗಾದ್ಮೇಲೆ ಎಲ್ಲಾ ಸುಟ್ಬಿಟ್ರು," ಎಂದಳು. ಇನ್ನೊಂದು ಹಿಡಿ ಸೊಪ್ಪು ಎಳೆದುಕೊಂಡು ಕೇಳಿದಳು, "ಮಾತು ಬೇಕಾ, ಚೀಟೀನೇ ಬೇಕಾ?"

"ಮಾತು ಬೇಕಮ್ಮಾ."

"ಹಂಗಾದ್ರೆ ಕೂತ್ಕೊಳ್ಳಿ. ಅವರು ಒಪ್ಪಿಸ್ತಾ ಇದ್ದಿದ್ದು ನನ್ನ ಮುಂದೇನೇ. ನನಗೆ ಓದಕ್ಕೆ ಬರಲ್ಲ, ತಪ್ಪಿದ್ರೆ ಹೆಂಗೆ ಹೇಳ್ತೀಯ ಅಂತ ಮೊದಲು ನನಗೇ ಬಾಯಿಪಾಠ ಮಾಡ್ಸಿದ್ರು."

ಸೊಪ್ಪು ಹೆಚ್ಚುತ್ತಲೇ ಅವಳು ಶುರು ಮಾಡಿದಳು. ಗಂಡ ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದನೋ ಅಲ್ಲಿ ಅವಳ ಕತ್ತಿಯೂ ನಿಲ್ಲುತ್ತಿತ್ತು. ಮೇಷ್ಟ್ರು ತಲೆಯೆತ್ತದೆ ಬರೆದರು. ಕೊನೆಯ ದೃಶ್ಯಕ್ಕೆ ಬಂದಾಗ ಪೆನ್ಸಿಲು ನಿಂತಿತು.

"ಬಾವಿ ತೋಡಿದೋನು ಒಂದು ಬೊಗಸೆ ನೀರೂ ಕುಡೀಲಿಲ್ಲ. ನೀವು ಕುಡಿದು ಕುಡಿದು ಜಗಳಕ್ಕೆ ತ್ರಾಣ ತಂದ್ಕೊಂಡ್ರಿ," ಎಂದಿದ್ದಳು ಅವಳು.

"ಇದು ನಾನು ಬರೆದಿದ್ದಲ್ಲ," ಎಂದರು ಮೇಷ್ಟ್ರು.

"ಗೊತ್ತು. ಮುಳಬಾಗಿಲಲ್ಲಿ ಆಡಿದ ದಿನ ನೀವು ಜ್ವರ ಅಂತ ಬಂದಿರಲಿಲ್ಲ. ಅಲ್ಲಿದ್ದ ಮಾತು ಬಿಟ್ಟು ಅವರೇ ಇದನ್ನ ಸೇರಿಸ್ಕೊಂಡ್ರು. ನಿಮಗೆ ಹೇಳಕ್ಕೆ ಭಯ. ಬೇಡ ಅಂದ್ರೆ ಬಿಟ್ಬಿಡಿ."

ಆ ಜಾಗದಲ್ಲಿ ತಾವು ಬರೆದಿದ್ದ ಅಷ್ಟುದ್ದದ ಬುದ್ಧಿವಾದ ಮೇಷ್ಟ್ರಿಗೆ ಮಸುಕಾಗಿ ನೆನಪಾಯಿತು. ಅದು ಗೆದ್ದಲಿಗೆ ಹೋದದ್ದೇ ಒಳ್ಳೆಯದಾಯಿತೆನ್ನಿಸಿತು. "ಇನ್ನೊಂದ್ಸಲ ಹೇಳಮ್ಮಾ," ಎಂದರು.

ಸಂಕ್ರಾಂತಿಗೆ ಎಂಟು ದಿನ ಮುಂಚೆ ಮೂರು ಪ್ರತಿ ಸಿದ್ಧವಾದವು. ಒಂದು ಮಾಲೂರಿಗೆ ಹೋಯಿತು, ಒಂದು ಮೇಷ್ಟ್ರ ಹತ್ತಿರವೇ ಉಳಿಯಿತು. ಮೂರನೆಯದನ್ನು ಮುನಿಶಾಮಮ್ಮನ ಮನೆಗೆ ಒಯ್ದರು.

"ಓದಕ್ಕೆ ಬರದೋಳಿಗೆ ಇದ್ಯಾಕೆ?"

"ನನ್ನ ಹತ್ರ ಇರೋದು ಹೋದ್ರೂ ನಿನ್ನ ಹತ್ರ ಇರಲಿ ಅಂತ," ಎಂದರು ಮೇಷ್ಟ್ರು. ಅವಳು ಅದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಬಿದಿರಿಗೆ ಕಟ್ಟಿದಳು.

ಪುಸ್ತಕ ಬೇಸಿಗೆಯಲ್ಲಿ ಅಚ್ಚಾಯಿತು, ಇನ್ನೂರು ಪ್ರತಿ. ದೊಡ್ಡವೆಂಕಟಪ್ಪನ ಹೆಸರು ಮೊದಲ ಪುಟದಲ್ಲಿತ್ತು. ಮುನಿಶಾಮಮ್ಮ ಪಕ್ಕದ ಮನೆಯವರ ಕೈಲಿ ಪೂರ್ತಿ ಓದಿಸಿ ಕೇಳಿ, ತಾಯಿಯ ಮಾತು ಎರಡು ಕಡೆ ತಪ್ಪಾಗಿದೆಯೆಂದು ಹೋಳೂರಿಗೆ ಹೇಳಿಕಳಿಸಿದಳು. ಮೇಷ್ಟ್ರು ಎರಡನ್ನೂ ತಮ್ಮ ಪ್ರತಿಯಲ್ಲಿ ತಿದ್ದಿ, ಪಕ್ಕದಲ್ಲಿ ತಾರೀಖು ಹಾಕಿದರು.