ಬೆಳ್ಳಮ್ಮ ಕೇಳಿದ ಸೂಜಿ

"ಒಂದೇ ಸಲಕ್ಕೆ ಮುಗ್ದೋಗೋ ಸೂಜಿ ಇಲ್ವಾ ಡಾಕ್ಟ್ರೇ?"

ಬೆಳ್ಳಮ್ಮ ಜಗಲಿಯ ಕಂಬ ಹಿಡಿದುಕೊಂಡು, ದನಿ ತಗ್ಗಿಸಿ ಕೇಳಿದಳು. ಒಳಗೆ ಗಂಡ ಜಟ್ಟಿಂಗಪ್ಪ ನರಳುತ್ತಿದ್ದ. ಹಿನ್ನೀರಿನಲ್ಲಿ ಲಾಂಚು ನಡೆಸುತ್ತಿದ್ದವನು. ಹೊಗೆಸೊಪ್ಪಿನ ಕವಳ ಅಗಿದು ಅಗಿದು ಬಾಯೊಳಗೆ ಎದ್ದ ಹುಣ್ಣು ಈಗ ಕೆನ್ನೆಯನ್ನೇ ತೂತು ಮಾಡಿತ್ತು. ದೂರದ ದೊಡ್ಡಾಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಎಂಬತ್ತಾರನೇ ಇಸವಿಯ ಆ ಬೇಸಿಗೆಯಲ್ಲಿ ಬ್ಯಾಕೋಡಿನ ಅವರ ಮನೆಗೆ ಯಾರೂ ಕಾಲಿಡುತ್ತಿರಲಿಲ್ಲ. ವಾಸನೆ ಅಂಥದು. ಬೆಳ್ಳಮ್ಮನೂ ಗಂಜಿಯ ಬಟ್ಟಲನ್ನು ಹಾಸಿಗೆಯ ಬಳಿ ತಳ್ಳಿ, ಸೆರಗು ಮೂಗಿಗೊತ್ತಿಕೊಂಡು ಹಿತ್ತಲಿಗೆ ಓಡುತ್ತಿದ್ದಳು.

ಡಾಕ್ಟರ್ ಹೇರಂಬ ಬೈಯಲಿಲ್ಲ. "ನೀರು ಕುದಿಸಿ, ಉಪ್ಪು ಹಾಕಿ ತನ್ನಿ" ಎಂದರು.

"ಎಂತದೂ ಮಾಡಕ್ಕಾಗಲ್ಲ ಅಂದಾರಲ್ಲ ದೊಡ್ಡಾಸ್ಪತ್ರೇರು?"

"ಗುಣ ಮಾಡಕ್ಕಾಗಲ್ಲ. ಮಾಡೋ ಕೆಲಸ ಬೇಕಾದಷ್ಟಿದೆ."

ಗಾಯದಲ್ಲಿ ಹುಳ ಬಿದ್ದಿದ್ದವು. ಟರ್ಪೆಂಟೈನ್ ಅದ್ದಿದ ಹತ್ತಿಯಿಟ್ಟು, ಹುಳ ಮೇಲೆ ಬರುವವರೆಗೆ ಕಾದು, ಚಿಮಟದಿಂದ ಒಂದೊಂದಾಗಿ ತೆಗೆದರು. ಬೋಗುಣಿ ಹಿಡಿದಿದ್ದ ಬೆಳ್ಳಮ್ಮ ಹೊರಗೋಡಿ ವಾಂತಿ ಮಾಡಿ, ಬಾಯಿ ತೊಳೆದುಕೊಂಡು ಮತ್ತೆ ಬಂದು ನಿಂತಳು. ವಾಸನೆ ತಗ್ಗಿಸುವ ಮಾತ್ರೆ ಕುಟ್ಟಿ ಗಾಯದ ಮೇಲೆ ಉದುರಿಸುವುದನ್ನು ತೋರಿಸಿಕೊಟ್ಟ ಮೇಲೆ ಡಾಕ್ಟರು ಕಹಿ ಔಷಧಿಯ ಬಾಟಲಿಯೊಂದನ್ನು ಅವಳ ಕೈಗಿತ್ತರು. "ನೋವು ಬರ್ಲಿ ಅಂತ ಕಾಯ್ಬೇಡಿ. ಬರೋಕೆ ಮೊದ್ಲೇ ಕುಡಿಸಿ."

ದಿನಾ ತೊಳೆದಂತೆಲ್ಲ ವಾಸನೆ ಇಳಿಯಿತು. ಜಟ್ಟಿಂಗಪ್ಪನಿಗೆ ನಿದ್ದೆ ಹತ್ತಿತು. ಅವನ ತಂಗಿ ಕನ್ನಮ್ಮ ಬಂದು ಹಾಸಿಗೆಯ ಅಂಚಿನಲ್ಲೇ ಕೂತು ಊರ ಸುದ್ದಿ ಹೇಳಿದಳು. ಬೆಳ್ಳಮ್ಮ ತನ್ನ ಊಟದ ತಟ್ಟೆಯನ್ನು ಅವನ ಕೋಣೆಗೇ ತಂದುಕೊಂಡಳು.

ಒಂದು ಮಧ್ಯಾಹ್ನ ಗಾಯದ ಬಟ್ಟೆ ಬದಲಿಸುವಾಗ ಅವನು ತೊದಲಿದ: "ಅವತ್ತು ಸೂಜಿ ಕೇಳಿದ್ಯಲ್ಲೇ... ನಂಗೆ ಕೇಳಿಸ್ತು."

ಅವಳ ಕೈ ನಿಂತಿತು.

"ಆಗ ಬಾಯಿ ತಿರುಗಿದ್ರೆ ನಾನೂ ಅದ್ನೇ ಕೇಳ್ತಿದ್ದೆ. ಈಗ ಬ್ಯಾಡ ಕಣೆ. ಇನ್ನೊಂಚೂರು ದಿನ ಇರ್ತೀನಿ."

ಬೆಳ್ಳಮ್ಮ ಹತ್ತಿಯನ್ನು ಉಪ್ಪುನೀರಿಗೆ ಅದ್ದಿ ಹಿಂಡಿದಳು. ಕಣ್ಣೀರು ಗಾಯಕ್ಕೆ ಬೀಳದಂತೆ ಮುಖ ಓರೆ ಮಾಡಿಕೊಂಡು ಹತ್ತಿ ಒತ್ತಿದಳು.

ಹೆಚ್ಚು ದಿನ ಇರಲಿಲ್ಲ ಅವನು. ಮಳೆ ಹಿಡಿಯುವ ಮೊದಲೇ, ಒಂದು ಬೆಳಗ್ಗೆ ಏಳಲಿಲ್ಲ. ಸುದ್ದಿ ತಿಳಿದು ಓಡಿಬಂದ ಕನ್ನಮ್ಮ ಅಣ್ಣನ ಮುಖಕ್ಕೆ ಬಟ್ಟೆ ಎಳೆಯಹೋದಳು. "ಮುಚ್ಬಿಡಾನ ಅತ್ಗೆ, ಜನ ಬರ್ತಾರೆ."

"ತಡಿ, ಇವತ್ತು ಗಾಯ ಇನ್ನೂ ತೊಳ್ದಿಲ್ಲ."

ಬೆಳ್ಳಮ್ಮ ಒಲೆಯ ಮೇಲಿನ ನೀರನ್ನು ಬೋಗುಣಿಗೆ ಬಗ್ಗಿಸಿಕೊಂಡು ಬಂದು, ಅವನ ಪಕ್ಕದಲ್ಲಿ ಕೂತು, ಮೊಣಕೈ ಅದ್ದಿ ನೋಡಿದಳು. ಬಿಸಿ ಹೆಚ್ಚಾಗಿತ್ತು. ಎದ್ದುಹೋಗಿ ಒಂದು ಚೊಂಬು ತಣ್ಣೀರು ತಂದು ಬೆರೆಸಿದಳು.