ಆಧಾರ ಇಲ್ಲ

“ಇದು ಪ್ರಬಂಧ ಏನವಾ ಉಮಾಶ್ರೀ, ಇಲ್ಲಾ ನಿಮ್ಮವ್ವ ಹೆಣದ ಮುಂದ ಕುಂತು ಅಳೂ ಹಾಡೇನು?”

ಶ್ರೀಶೈಲ ಸರ್ ನನ್ನ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದರು. ಬಿ.ಎ. ಎರಡನೇ ವರ್ಷದ ಕ್ಲಾಸು ಪೂರ್ತಿ ನಕ್ಕಿತು.

ವಿಷಯ ಅವರೇ ಕೊಟ್ಟದ್ದು: ‘ಯಂತ್ರ ಬಡವರಿಗೆ ವರವೋ, ಶಾಪವೋ? ಎರಡು ಪುಟದಲ್ಲಿ ವಾದಿಸಿ.’ ನಾನು ಶಾಪ ಎಂದು ಬರೆದಿದ್ದೆ. ನಮ್ಮವ್ವ ತಂಗೆವ್ವ ದೊಡವಾಡದ ಹತ್ತಿರ ಇಟ್ಟಿಗೆ ಭಟ್ಟಿಯಲ್ಲಿ ಇಪ್ಪತ್ತು ವರ್ಷ ಇಟ್ಟಂಗಿ ಹೊತ್ತು ಹೊತ್ತು ಅವಳ ಬೆರಳಿನ ಗೆರೆಗಳೆಲ್ಲ ಸವೆದು ಹೋಗಿವೆ. ರೇಷನ್ ಅಂಗಡಿಯ ಯಂತ್ರ ಅವಳ ಗುರುತು ಹಿಡಿಯುವುದಿಲ್ಲ. ಮೂರು ತಿಂಗಳಿಂದ ಅಕ್ಕಿ ಇಲ್ಲ. “ತಂಬ್ ಬೀಳವಲ್ದು. ಬಾಜೂಕ ಸರಿ ರಂಡಿ, ಹಿಂದಿನವರು ಬರ್ಲಿ” ಎಂದು ಅಂಗಡಿಯವ ಅಂದದ್ದನ್ನೂ ಹಾಗೇ ಬರೆದೆ. ಅಂದವನಿಗೆ ಇಲ್ಲದ ನಾಚಿಕೆ ಬರೆದವಳಿಗೆ ಯಾಕಿರಬೇಕು?

ಸರ್ ಇಪ್ಪತ್ತು ಅಂಕವನ್ನು ನಾಲ್ಕು ಪಾಲು ಮಾಡುತ್ತಾರೆ: ಮಂಡನೆ, ಆಧಾರ, ಪ್ರತಿವಾದ, ಭಾಷೆ. ನನಗೆ ಬಿದ್ದದ್ದು ಮೂರು, ಸೊನ್ನೆ, ಎರಡು, ಎರಡು. ಒಟ್ಟು ಏಳು. ಪಾಸಾಗಲು ಎಂಟು ಬೇಕು. ಏಳಾದರೆ ಪರೀಕ್ಷೆಗೆ ಕೂಡಿಸುವುದಿಲ್ಲ, ಹಾಸ್ಟೆಲ್ ಸೀಟು ಹೋಗುತ್ತದೆ, ನಾನೂ ಅವ್ವನ ಪಕ್ಕ ಇಟ್ಟಂಗಿ ಹೊರಲು ನಿಲ್ಲಬೇಕು. ಸೊನ್ನೆಯ ಪಕ್ಕ ಕೆಂಪು ಶಾಯಿಯಲ್ಲಿ ಬರೆದಿತ್ತು: ‘ಆಧಾರ ಇಲ್ಲ.’

“ಸರ, ನಮ್ಮವ್ವನ ಕೈನ ಆಧಾರರಿ,” ಅಂದೆ.

“ನಿಮ್ಮವ್ವ ಏನ ಪುಸ್ತಕ ಬರದಾಳು? ಮಧುನ್ನ ನೋಡಿ ಕಲಿ.”

ಮಧು ಅದೇ ರೇಷನ್ ಅಂಗಡಿಯವನ ಮಗ. ‘ಒಂದು ವರದಿಯ ಪ್ರಕಾರ, ಯಂತ್ರ ಬಂದ ಮೇಲೆ ಅಕ್ಕಿ ಕಳವು ನಿಂತಿದೆ’ ಎಂದು ಬರೆದಿದ್ದ. ಆಧಾರಕ್ಕೆ ಐದಕ್ಕೆ ಐದು. ಯಾವ ವರದಿಯೋ ತಮ್ಮಾ ಎಂದು ಸರ್ ಕೇಳಲಿಲ್ಲ.

ಮಧ್ಯಾಹ್ನ ಭಟ್ಟಿಯ ಕೂಲಿಯವರನ್ನು ನೋಡಿಕೊಳ್ಳುವ ಮುಕಾದಮನ ಫೋನಿಗೆ ಹಚ್ಚಿ ಅವ್ವನಿಗೆ ಹೇಳುವಾಗ ಅಳು ತಡೆಯಲಾಗಲಿಲ್ಲ. “ಆಧಾರ ಇಲ್ಲಂತ ಸೊನ್ನಿ ಕೊಟ್ಟಾರಬೇ. ಒಂದ ಮಾರ್ಕ್ಸಿನ್ಯಾಗ ವರ್ಷ ಹೋತು.”

“ಇಷ್ಟಕ್ಕ ಅಳತೀಯೇನು? ನಾಳೆ ಮುಂಜಾನಿ ಬರತೇನಿ, ತಡಿ.”

ಬೈಲಹೊಂಗಲದ ನಮ್ಮ ಕಾಲೇಜಿಗೆ ಮೊದಲ ಬಸ್ಸಿಗೇ ಬಂದಳು. ಭಟ್ಟಿಯ ಕೆಂಪು ಧೂಳಿನ ಸೀರೆಯಲ್ಲೇ ಸ್ಟಾಫ್ ರೂಮಿಗೆ ಹೋಗಿ, ಕುಬಸದೊಳಗಿಂದ ಪ್ಲಾಸ್ಟಿಕ್ ಚೀಲ ತೆಗೆದು ಬಿಚ್ಚಿ, ಸರ್ ಮೇಜಿನ ಮೇಲೆ ಆಧಾರ್ ಕಾರ್ಡು ಇಟ್ಟಳು. ಬೆರಳಲ್ಲಿ ಗೆರೆ ಇದ್ದ ಕಾಲಕ್ಕೆ ಮಾಡಿಸಿದ್ದು ಅದು.

“ತಗೋರಿ ಸಾಹೇಬ್ರ. ಆಧಾರ ಇಲ್ಲ ಅಂದ್ರಂತ. ಝೆರಾಕ್ಸೂ ತಂದೇನ್ರಿ. ನನ್ನ ಮಗಳಿಗೆ ಮಾರ್ಕ್ಸ್ ಹಾಕ್ರಿ.”

ಸರ್ ಕಾರ್ಡು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕುರ್ಚಿ ಅಲುಗುವ ಹಾಗೆ ನಕ್ಕರು. ಬೇರೆ ಮೇಜಿನವರನ್ನೂ ಕರೆದು, ಕಟ್ಟಿನಿಂದ ನನ್ನ ಹಾಳೆ ಎಳೆದು ಕಾರ್ಡಿನ ಪಕ್ಕ ಇಟ್ಟು ತೋರಿಸಿದರು. ನಾನು ಅವ್ವನ ಸಲುವಾಗಿ ನಾಚಿಕೊಂಡೆ. ಸುಳ್ಳು ಯಾಕೆ ಹೇಳಲಿ, ಇವಳು ಬರದೇ ಇದ್ದರೆ ಚೆನ್ನಾಗಿತ್ತು ಅನ್ನಿಸಿತು.

“ಹೆಬ್ಬಟ್ಟಿನ ಜನಕ್ಕ ಏನ ಹೇಳೂದು,” ಸರ್ ಕಣ್ಣೊರೆಸಿಕೊಂಡರು. “ಏ ಬಾಯಿ, ಈ ಕಾರ್ಡ್ ಅಲ್ಲ. ನಿನ್ನ ಮಗಳು ಬರದದ್ದು ಖರೇ ಅನ್ನಾಕ ಪುರಾವೆ ಬೇಕು. ಪುರಾವೆ. ತಿಳೀತಿಲ್ಲೋ?”

“ಏನ ಬರದೀಬೇ ನೀ?” ಅವ್ವ ನನ್ನ ಕಡೆ ತಿರುಗಿದಳು.

“ಮಷಿನ್ಯಾಗ ನಿನ್ನ ತಂಬ್ ಬೀಳವಲ್ದಂತ. ಅಕ್ಕಿ ಕೊಡವಲ್ರಂತ.”

ಅವ್ವ ನನ್ನ ಹಾಳೆಯ ಕಡೆ ಬಾಗಿದಳು. ಒಳಗೆ ಬರುವಾಗ ಮುಖದಲ್ಲಿದ್ದ ಅಂಜಿಕೆ ಈಗ ಇರಲಿಲ್ಲ.

“ಸೊನ್ನಿ ಎಲ್ಲೈತಿ?”

ತೋರಿಸಿದೆ. ಮೇಜಿನ ಮೇಲೆ ಶಿಕ್ಕಾ ಒತ್ತುವ ಇಂಕಿನ ಪ್ಯಾಡು ತೆರೆದಿತ್ತು. ಅವ್ವ ಹೆಬ್ಬೆರಳನ್ನು ಅದರಲ್ಲಿ ತಿಕ್ಕಿ ಸೊನ್ನೆಯ ಮೇಲೆ ಒತ್ತಿದಳು. ಆಮೇಲೆ ಉಳಿದ ಬೆರಳು, ಆಮೇಲೆ ಇನ್ನೊಂದು ಕೈ. ಹಾಳೆಯ ತುಂಬ ಹತ್ತು ನೀಲಿ ಕಲೆ ಬಿದ್ದವು. ಒಂದರಲ್ಲೂ ಗೆರೆ ಇರಲಿಲ್ಲ.

“ಇದರಾಗ ಒಂದ ಗೆರಿ ಹುಡುಕಿ ತೋರ್ಸ್ರಿ ಸಾಹೇಬ್ರ,” ಅಂದಳು. “ನಿಮ್ಮ ಹೆಬ್ಬಟ್ಟೂ ಬಾಜೂಕ ಒತ್ರಿ. ಯಾರದರಾಗ ಗೆರಿ ಅದಾವು, ಕೂಡಿಸಿ ನೋಡೂಣು.”

ನಕ್ಕಿದ್ದವರು ಬಾಗಿ ಹಾಳೆ ನೋಡಿದರು.

“ಕಾಲೇಜ್ ರೆಕಾರ್ಡ್ ಹೊಲಸ ಮಾಡಿದೆಲ್ಲ, ಹಲ್ಕಟ್ ಹೆಂಗಸ!” ಸರ್ ಎದ್ದೇ ಬಿಟ್ಟರು. “ಏಳು ಅಂದ್ರ ಏಳ. ನಡೀರಿ ಹೊರಗ, ಇಬ್ಬರೂ.”

ಏಳು ಅಂದರೆ ಏಳೇ ಎಂದು ನನಗೂ ಗೊತ್ತಾಯಿತು. ವರ್ಷ ಹೋಗಿತ್ತು, ಸೀಟು ಹೋಗಿತ್ತು. ಅವ್ವ ಇಂಕಿನ ಕೈ ಮುಂದೆ ಚಾಚಿಕೊಂಡು ಹಾಗೇ ನಿಂತಿದ್ದಳು. ನಾನು ಪ್ಯಾಡನ್ನು ಎತ್ತಿ ಸರ್ ಎದೆಯ ಹತ್ತಿರ ಹಿಡಿದೆ.

“ನಮ್ಮವ್ವ ಹೇಳಿದ್ದು ಕೇಳಿಸಲಿಲ್ಲೇನ್ರಿ ಸರ? ಒತ್ರಿ.”

ಸರ್ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.